ಮೂರು ಪಿನ್ನುಗಳ ಹಿಂದಿನ ಮನುಷ್ಯ

ನಮ್ಮ ಕಾಕಾನ ಎಡಗೈ ಉಂಗುರ ಬೆರಳಿಗೆ ತುದಿ ಇಲ್ಲ. ಉಗುರಿರಬೇಕಾದ ಭಾಗವೇ ಹೋಗಿದೆ. ಮೂರು ವರ್ಷದ ಹಿಂದಿನ ಮಾತು. ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿ ನಾನು ರಾಣೆಬೆನ್ನೂರು ಹತ್ತಿರದ ನಮ್ಮ ಹಳ್ಳಿಯಲ್ಲಿ ಸಿಇಟಿ ರಿಸಲ್ಟ್ ಕಾಯುತ್ತಿದ್ದೆ. ಅಡ್ಡಮಳೆ ಬಿದ್ದು ಗೋವಿನಜೋಳದ ಹೊಲ ಹದಕ್ಕೆ ಬಂದಿತ್ತು. ಟ್ರ್ಯಾಕ್ಟರಿನ ಕಲ್ಟಿವೇಟರ್ ಬಿಚ್ಚಿ ರೋಟವೇಟರ್ ಜೋಡಿಸಬೇಕು. ಕಾಕಾ ಹಿಂದೆ ನಿಂತು ಕೆಳಗಿನ ತೋಳನ್ನು ಕೈಯಲ್ಲಿ ಎತ್ತಿ ಹಿಡಿದು, ಪಿನ್ನಿಗೂ ತೂತಿಗೂ ತಾಳೆ ಆಗುತ್ತದೆಯೇ ಎಂದು ನೋಡುತ್ತಿದ್ದರು. ಸೀಟಿನ ಮೇಲೆ ಕೂತಿದ್ದವನು ನಾನು. ಇನ್ನೊಂದು ಇಂಚು ಹಿಂದಕ್ಕೆ ಬಿಡು ಅಂದರು. ಕ್ಲಚ್ ಬಿಟ್ಟೆ. ಒಂದು ಇಂಚು ಹೋಗಬೇಕಿದ್ದ ಟ್ರ್ಯಾಕ್ಟರ್ ನಾಲ್ಕು ಇಂಚು ಹೋಯಿತು.

ಕಾಕಾ ಬೈಯಲಿಲ್ಲ. ಕೈಗೆ ಟವೆಲ್ ಸುತ್ತಿಕೊಂಡು ಪಕ್ಕದ ಮನೆಯವರ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದರು. ಇವತ್ತಿಗೂ ಯಾರಾದರೂ ಬೆರಳಿಗೇನಾಯಿತು ಅಂತ ಕೇಳಿದರೆ ನನ್ನದೇ ಲಕ್ಷ್ಯ ಇರಲಿಲ್ಲ ಅನ್ನುತ್ತಾರೆ. ಅದರ ಬದಲು ಎರಡು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಈಗ ನಾನು ಮೆಕ್ಯಾನಿಕಲ್ ಆರನೇ ಸೆಮಿಸ್ಟರ್. ಪ್ರಾಜೆಕ್ಟ್ ವಿಷಯ ಕೊಡಿ ಅಂದಾಗ ನಮ್ಮ ಬ್ಯಾಚಿನ ಬಹುಪಾಲು ಹುಡುಗರು ಡ್ರೋನ್, ರೋಬೊ, ಎಐ ಅಂತ ಬರೆದುಕೊಟ್ಟರು. ನಾನು ಟ್ರ್ಯಾಕ್ಟರಿಗೆ ಕ್ವಿಕ್ ಹಿಚ್ ಅಂತ ಬರೆದೆ. ಯಾರೂ ಕೈ ಹಾಕದೆ, ಸೀಟಿನಲ್ಲಿ ಕೂತೇ ಸಲಕರಣೆಯನ್ನು ಕಚ್ಚಿಸಿಕೊಳ್ಳುವ ಚೌಕಟ್ಟು ಅದು. ಇದರಲ್ಲಿ ಹೊಸದೇನಿದೆ ಎಂಬ ಪ್ರಶ್ನೆ ಬಂತು. ಹೊಸದೇನಿಲ್ಲ, ಹೊರದೇಶಗಳಲ್ಲಿ ಎಷ್ಟೋ ಕಾಲದಿಂದ ಬಳಸುತ್ತಿದ್ದಾರೆ, ನಮ್ಮ ಹೊಲಗಳಲ್ಲಿ ಮಾತ್ರ ಅಪರೂಪ ಎಂದೆ. ಹಾಗಾದರೆ ಟ್ರ್ಯಾಕ್ಟರಿನ ಹಿಂದೆ ಮೂರೇ ಪಿನ್ನು ಯಾಕಿವೆ, ಎರಡೋ ನಾಲ್ಕೋ ಯಾಕಿಲ್ಲ ಎಂದು ಇನ್ನೊಂದು ಪ್ರಶ್ನೆ ಬಂತು. ಉತ್ತರ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ವಸ್ತು, ಅದು ಯಾಕೆ ಹಾಗಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಹ್ಯಾರಿ ಫರ್ಗ್ಯುಸನ್.

ಆ ಹೆಸರಿನ ಅರ್ಧ ನಿಮಗೂ ಗೊತ್ತಿರುತ್ತದೆ. ಕೆಂಪು ಬಣ್ಣದ ಮ್ಯಾಸಿ ಟ್ರ್ಯಾಕ್ಟರ್ ನೋಡದವರು ನಮ್ಮ ಕಡೆ ಯಾರಿದ್ದಾರೆ? ಮ್ಯಾಸಿ ಫರ್ಗ್ಯುಸನ್ ಎಂಬ ಹೆಸರಿನ ಕೊನೆಯ ಅರ್ಧ ಒಬ್ಬ ಮನುಷ್ಯ ಎಂದು ನನಗೆ ಗೊತ್ತಾದದ್ದು ಇಪ್ಪತ್ತನೇ ವಯಸ್ಸಿಗೆ.

ಹ್ಯಾರಿ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಹತ್ತಿರದ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳ ರೈತ ಕುಟುಂಬ, ಬಹಳ ಕಟ್ಟುನಿಟ್ಟಿನ ದೈವಭಕ್ತ ತಂದೆ. ಹುಡುಗ ಹದಿನಾಲ್ಕರ ಸುಮಾರಿಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದ. ಆದರೆ ಹೊಲದ ಕೆಲಸ ಅವನಿಗೆ ಒಗ್ಗಲೇ ಇಲ್ಲ. ಕುದುರೆಗಳ ಹಿಂದೆ ದಿನವಿಡೀ ನಡೆಯುವುದು, ಕೆಸರು, ಸಗಣಿ ಯಾವುದೂ ಬೇಡವಾಗಿತ್ತು. ಮುಂದೆ ಕೃಷಿಯನ್ನೇ ಬದಲಿಸಿದ ಮನುಷ್ಯ ಕೃಷಿಯಿಂದ ಓಡಿಹೋಗಲು ನೋಡಿದವನು ಎಂದು ಓದಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಬೇಸಿಗೆ ರಜೆಗೆ ಊರಿಗೆ ಹೋಗಲು ನಾನೂ ನೆಪ ಹುಡುಕಿದ್ದೇನೆ.

ಕೆನಡಾಕ್ಕೆ ಹೊರಡುವ ಯೋಚನೆಯಲ್ಲಿದ್ದ ಹ್ಯಾರಿ 1902ರಲ್ಲಿ ಬೆಲ್‌ಫಾಸ್ಟಿನಲ್ಲಿ ಅಣ್ಣ ಜೋ ನಡೆಸುತ್ತಿದ್ದ ಕಾರು, ಸೈಕಲ್ ರಿಪೇರಿ ಗ್ಯಾರೇಜಿಗೆ ಸೇರಿದರು. ಅಲ್ಲಿ ಕೈ ಕುದುರಿತು. ಎಂಜಿನ್ ಟ್ಯೂನ್ ಮಾಡುವುದರಲ್ಲಿ ಹೆಸರು ಬಂತು, ಮೋಟಾರ್‌ಸೈಕಲ್ ರೇಸ್ ಶುರುವಾಯಿತು. ಆಮೇಲೆ ವಿಮಾನದ ಹುಚ್ಚು ಹಿಡಿಯಿತು. 1909ರಲ್ಲಿ ವೈಮಾನಿಕ ಪ್ರದರ್ಶನಗಳಿಗೆ ಹೋಗಿ ಯಂತ್ರಗಳ ಅಳತೆ ನೋಡಿಕೊಂಡು ಬಂದು ಗ್ಯಾರೇಜಿನಲ್ಲೇ ಒಂದು ವಿಮಾನ ಕಟ್ಟಿದರು. ಆ ವರ್ಷದ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 130 ಗಜ ದೂರ ಹಾರಿದರು. ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವರು ಅವರೇ. ಆಗ ವಯಸ್ಸು ಇಪ್ಪತ್ತೈದು. ಮರುವರ್ಷ ನ್ಯೂಕ್ಯಾಸಲ್ ಕಡಲತೀರದ ಮೇಲೆ ಸುಮಾರು ಮೂರು ಮೈಲಿ ಹಾರಿ 100 ಪೌಂಡ್ ಬಹುಮಾನವನ್ನೂ ಗೆದ್ದರು. ಡಿಗ್ರಿ ಇಲ್ಲ, ಡಿಪ್ಲೊಮಾ ಇಲ್ಲ. ಎರಡು ಸಪ್ಲಿ ಇಟ್ಟುಕೊಂಡು ಕೂತಿರುವ ನನ್ನ ರೂಮ್‌ಮೇಟ್‌ಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು. ಆದರೆ ಇದು ಶಾಲೆ ಬಿಟ್ಟ ಕಥೆ ಅಲ್ಲ ಮಾರಾಯ ಅಂದೆ.

1911ರಲ್ಲಿ ಅಣ್ಣನಿಂದ ಬೇರೆಯಾಗಿ ಬೆಲ್‌ಫಾಸ್ಟಿನಲ್ಲೇ ಸ್ವಂತ ಮೋಟಾರು ವ್ಯಾಪಾರ ಶುರು ಮಾಡಿದರು. ಎರಡು ವರ್ಷ ಬಿಟ್ಟು ಮದುವೆ. ಆಮೇಲೆ ಬಂದ ಮೊದಲ ಮಹಾಯುದ್ಧ ಅವರನ್ನು ಮತ್ತೆ ಅದೇ ಹೊಲಕ್ಕೆ ಎಳೆದು ತಂದಿತು.

1917ರಲ್ಲಿ ಆಹಾರದ ಕೊರತೆ. ಹೆಚ್ಚು ಭೂಮಿ ಉಳಬೇಕು ಎಂದು ಸರ್ಕಾರ ಟ್ರ್ಯಾಕ್ಟರುಗಳನ್ನು ಹೊಲಕ್ಕಿಳಿಸಿತ್ತು. ಅವು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳಿ ಎಂದು ಐರ್ಲೆಂಡಿನ ಕೃಷಿ ಮಂಡಳಿ ಫರ್ಗ್ಯುಸನ್ನರನ್ನು ಕೇಳಿತು. ಸಹಾಯಕ ವಿಲ್ಲಿ ಸ್ಯಾಂಡ್ಸ್ ಜತೆ ಊರೂರು ತಿರುಗಿದ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲರೂ ಟ್ರ್ಯಾಕ್ಟರಿನ ಬಗ್ಗೆ ಮಾತಾಡುತ್ತಿದ್ದರು. ತೊಂದರೆ ಇದ್ದದ್ದು ಟ್ರ್ಯಾಕ್ಟರಿಗೂ ನೇಗಿಲಿಗೂ ನಡುವಿನ ಗಂಟಿನಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಡೀ ಜೀವನ ಆ ಗಂಟಿನಲ್ಲೇ ಇದೆ.

ನಮ್ಮ ಅಜ್ಜನ ಕಾಲದ ನೇಗಿಲು ನೆನಪಿಸಿಕೊಳ್ಳಿ. ಎತ್ತಿನ ಹೆಗಲ ಮೇಲೆ ನೊಗ, ನೊಗಕ್ಕೆ ಈಸು, ಈಸಿನ ತುದಿಗೆ ಕುಳ. ಎತ್ತು ಎಳೆಯುತ್ತದೆ ಅಷ್ಟೆ. ಕುಳ ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಹಿಂದೆ ಮೇಳಿ ಹಿಡಿದವನ ಅಂಗೈ. ನೆಲ ಗಟ್ಟಿಯಾದರೆ, ಬೇರು ತಗುಲಿದರೆ, ಅವನಿಗೆ ಮೊದಲು ಕೈಯಲ್ಲಿ ತಿಳಿಯುತ್ತದೆ. ಮೇಳಿ ಒತ್ತುತ್ತಾನೆ ಇಲ್ಲವೆ ಸಡಿಲಿಸುತ್ತಾನೆ. ಮೊದಮೊದಲ ಟ್ರ್ಯಾಕ್ಟರುಗಳನ್ನು ಮಾಡಿದವರು ಪ್ರಾಣಿಯ ಜಾಗದಲ್ಲಿ ಎಂಜಿನ್ ಇಟ್ಟು, ನೇಗಿಲನ್ನು ಹಿಂದಿನಂತೆಯೇ ಸರಪಳಿಯಲ್ಲೋ ಕೊಂಡಿಯಲ್ಲೋ ಕಟ್ಟಿ ಎಳೆದರು. ಮೇಳಿ ಹಿಡಿದ ಕೈ ಮಾತ್ರ ಮಾಯವಾಯಿತು.

ಪರಿಣಾಮ ಭಯಂಕರ. 1917ರಿಂದ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಅಗ್ಗವಾಗಿತ್ತು, ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ನೆಲದೊಳಗಿನ ಬಂಡೆಗೆ ನೇಗಿಲು ಸಿಕ್ಕಿಕೊಂಡರೆ ಹಿಂದಿನ ಗಾಲಿ ತಿರುಗದೆ, ಎಂಜಿನ್ನಿನ ಬಲಕ್ಕೆ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು, ಆಕ್ಸಲ್ ಸುತ್ತ ತಿರುಗಿ, ಚಾಲಕನ ಮೇಲೆ ಮಗುಚಿ ಬೀಳುತ್ತಿತ್ತು. ಹೀಗೆ ಸತ್ತವರು ಒಬ್ಬಿಬ್ಬರಲ್ಲ. ಮೂತಿ ಏಳಬಾರದು ಎಂದರೆ ಟ್ರ್ಯಾಕ್ಟರನ್ನು ಇನ್ನಷ್ಟು ಭಾರ ಮಾಡಿ ಎಂಬುದು ಉಳಿದವರ ಪರಿಹಾರ. ಭಾರ ಹೆಚ್ಚಿದರೆ ಮಣ್ಣು ಗಟ್ಟಿಯಾಗುತ್ತದೆ, ಇಂಧನ ಹೆಚ್ಚು ಬೇಕು, ಬೆಲೆಯೂ ಏರುತ್ತದೆ. ಫರ್ಗ್ಯುಸನ್ ಇದನ್ನು ಒಪ್ಪಲಿಲ್ಲ. ನೇಗಿಲು ಬೇರೆ, ಟ್ರ್ಯಾಕ್ಟರ್ ಬೇರೆ ಎಂದು ನೋಡುವುದೇ ತಪ್ಪು, ಎರಡೂ ಸೇರಿ ಒಂದು ಯಂತ್ರವಾಗಬೇಕು ಎಂಬುದು ಅವರ ಹಟ.

ಆ ಹಟ ಪೂರೈಸಲು ಹಿಡಿದದ್ದು ಸುಮಾರು ಹತ್ತೊಂಬತ್ತು ವರ್ಷ. ಮೊದಲು ಫೋರ್ಡ್ ಮಾಡೆಲ್ ಟಿ ಕಾರನ್ನು ಟ್ರ್ಯಾಕ್ಟರಿನಂತೆ ಮಾರ್ಪಡಿಸಿದ ಬಂಡಿಗೆ ಒಂದು ನೇಗಿಲು ಮಾಡಿದರು. ಅದು ಚೆನ್ನಾಗಿಯೇ ಇತ್ತು, ಅಷ್ಟರಲ್ಲಿ ಫೋರ್ಡ್‌ಸನ್ ಬಂದು ಆ ಬಂಡಿಗೇ ಗಿರಾಕಿ ಇಲ್ಲದಂತಾಯಿತು. ಸರಿ, ಫೋರ್ಡ್‌ಸನ್ನಿಗೇ ಹೊಂದುವಂತೆ ಮಾಡೋಣ ಎಂದು ಒಂದರ ಮೇಲೊಂದು ಎರಡು ತೋಳಿನ ಹಿಚ್ ರೂಪಿಸಿದರು. ಮೂತಿ ಏಳುವ ಅಪಾಯಕ್ಕೆ ಅಲ್ಲಿ ಮೊದಲ ಸಲ ಕಡಿವಾಣ ಬಿತ್ತು. ಅಮೆರಿಕದಲ್ಲಿ ಆ ನೇಗಿಲು ತಯಾರಿಸಲು ಒಪ್ಪಿದ್ದ ಒಂದು ಕಂಪನಿ ದಿವಾಳಿಯಾಯಿತು. 1925ರಲ್ಲಿ ಶೆರ್ಮನ್ ಸಹೋದರರ ಜತೆ ಸೇರಿ ಇಂಡಿಯಾನಾದಲ್ಲಿ ತಾವೇ ಕಾರ್ಖಾನೆ ಶುರು ಮಾಡಿದರು. 1928ರಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಫೋರ್ಡ್‌ಸನ್ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಟ್ರ್ಯಾಕ್ಟರೇ ಇಲ್ಲದ ಮೇಲೆ ಅದರ ನೇಗಿಲು ಯಾರಿಗೆ ಬೇಕು? ಪ್ಲೇಸ್‌ಮೆಂಟಿನಲ್ಲಿ ಎರಡು ಕಂಪನಿ ಕೈಕೊಟ್ಟಿದ್ದಕ್ಕೆ ವಾರಗಟ್ಟಲೆ ಮಂಕಾಗಿ ಕೂತ ಸೀನಿಯರ್‌ಗಳನ್ನು ನೋಡಿದ್ದೇನೆ, ಅವರ ಬಗ್ಗೆ ನನಗೆ ತಮಾಷೆ ಇಲ್ಲ. ಆದರೆ ಈ ಮನುಷ್ಯನ ಪಟ್ಟಿ ಓದುವಾಗ ನನಗೇ ಸುಸ್ತಾಯಿತು.

ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ನಿಜವಾದ ಉತ್ತರ ಇತ್ತು. 1920ರ ದಶಕದ ನಡುವೆಯೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಕೆಳಗೆ ಎರಡು ತೋಳು, ಮೇಲೆ ಒಂದು, ಅವುಗಳ ಹಿಂದೆ ಹೈಡ್ರಾಲಿಕ್. ಮೂರು ಯಾಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಕೆಳಗಿನ ಎರಡು ತೋಳು ನೇಗಿಲನ್ನು ಎಳೆಯುತ್ತವೆ. ಮಣ್ಣು ಕುಳವನ್ನು ಹಿಂದಕ್ಕೆ ತಡೆದಾಗ ನೇಗಿಲಿನ ತಲೆ ಮುಂದಕ್ಕೆ ಬಾಗಲು ನೋಡುತ್ತದೆ. ಆಗ ಮೇಲಿನ ತೋಳು, ಅಂದರೆ ಟಾಪ್ ಲಿಂಕ್, ಟ್ರ್ಯಾಕ್ಟರನ್ನು ಮುಂದಕ್ಕೆ ದೂಡುತ್ತದೆ. ಮೂತಿಯನ್ನು ಎಬ್ಬಿಸಬೇಕಿದ್ದ ಬಲವೇ ಈಗ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ನೇಗಿಲಿನ ಭಾರ, ಅದರ ಮೇಲಿನ ಮಣ್ಣಿನ ಭಾರ ಹಿಂದಿನ ಗಾಲಿಗಳಿಗೆ ಬಂದು ಸಣ್ಣ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ. ನನಗೆ ಮಜಾ ಅನ್ನಿಸಿದ್ದು ಇದರ ಮುಂದಿನದು. ಟಾಪ್ ಲಿಂಕಿನ ಬುಡದಲ್ಲಿ ಒಂದು ಸ್ಪ್ರಿಂಗ್. ನೆಲ ಗಟ್ಟಿಯಾದಂತೆ ಸ್ಪ್ರಿಂಗ್ ಒತ್ತುತ್ತದೆ, ಅದು ಹೈಡ್ರಾಲಿಕ್ ವಾಲ್ವನ್ನು ಅಲುಗಿಸುತ್ತದೆ, ನೇಗಿಲು ತಾನಾಗಿ ಕೂದಲೆಳೆಯಷ್ಟು ಮೇಲೇಳುತ್ತದೆ. ನೆಲ ಸಡಿಲವಾದರೆ ಮತ್ತೆ ಇಳಿಯುತ್ತದೆ. ಕಳೆದುಹೋಗಿದ್ದ ಮೇಳಿ ಹಿಡಿದ ಕೈಯನ್ನು ಫರ್ಗ್ಯುಸನ್ ಸ್ಪ್ರಿಂಗಿನಲ್ಲಿ ವಾಪಸ್ ತಂದಿದ್ದರು. ಕಂಟ್ರೋಲ್ ಎಂಜಿನಿಯರಿಂಗ್ ಪುಸ್ತಕದಲ್ಲಿ ಫೀಡ್‌ಬ್ಯಾಕ್ ಲೂಪ್ ಎಂದು ಚೌಕಗಳನ್ನು ಬರೆದು ಬರೆದು ಬೇಸತ್ತಿದ್ದ ನನಗೆ, ಅದು ನಮ್ಮ ಅಂಗಳದಲ್ಲಿ ತುಕ್ಕು ಹಿಡಿದು ನಿಂತಿದೆ ಎಂದು ಯಾರೂ ಹೇಳಿರಲಿಲ್ಲ.

ಇದನ್ನು ಯಾವ ಕಂಪನಿಯೂ ಮಾಡಲು ಮುಂದೆ ಬಾರದಿದ್ದಾಗ 1933ರಲ್ಲಿ ತಾವೇ ಒಂದು ಟ್ರ್ಯಾಕ್ಟರ್ ಕಟ್ಟಿ ಕಪ್ಪು ಬಣ್ಣ ಬಳಿದರು. ಆ ಕಪ್ಪು ಟ್ರ್ಯಾಕ್ಟರ್ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಜತೆ ಸೇರಿ ಮಾರಾಟಕ್ಕೆ ಬಂದ ಮಾದರಿಯ ಬೆಲೆ 224 ಪೌಂಡ್, ಸಲಕರಣೆಗಳಿಗೆ ಬೇರೆ ಹಣ. ಫೋರ್ಡ್‌ಸನ್ ಅದಕ್ಕಿಂತ ಎಷ್ಟೋ ಅಗ್ಗ. ಹೆಚ್ಚು ಮಾರಾಟವಾಗಲಿಲ್ಲ. ಬ್ರೌನ್ ವಿನ್ಯಾಸ ಬದಲಿಸೋಣ, ದೊಡ್ಡದು ಮಾಡೋಣ ಎಂದರೆ ಫರ್ಗ್ಯುಸನ್ ಒಂದು ನಟ್ ಬದಲಿಸಲೂ ಒಪ್ಪರು. ಮಾತಿಗೆ ಮಾತು ಬೆಳೆದು ಸಂಬಂಧ ಹಳಸಿತು. ಅವರೊಂದಿಗೆ ಕೆಲಸ ಮಾಡುವುದು ಸುಲಭ ಇರಲಿಲ್ಲ ಎಂಬುದು ಸ್ಪಷ್ಟ. ಕೊಳೆ ಕಂಡರೆ ಆಗದು, ಸಾಮಾನು ಇಟ್ಟ ಜಾಗದಲ್ಲಿರಬೇಕು. ಟ್ರ್ಯಾಕ್ಟರಿನ ಬಹುತೇಕ ಕೆಲಸಕ್ಕೆ ಒಂದೇ ಸ್ಪ್ಯಾನರ್ ಸಾಕಾಗುವಂತೆ ಮಾಡಿ, ಅದರ ಮೈಮೇಲೇ ಇಂಚಿನ ಗುರುತು ಕೊರೆಸಿದ್ದರು, ಅಳತೆಪಟ್ಟಿ ಬೇರೆ ಬೇಡ ಅಂತ. ಇಂಥವರು ನಮಗೆ ವರ್ಕ್‌ಶಾಪ್ ಮೇಷ್ಟ್ರಾಗಿ ಬಂದಿದ್ದರೆ ಅರ್ಧ ಕ್ಲಾಸು ಹೊರಗೆ.

1938ರ ಅಕ್ಟೋಬರಿನಲ್ಲಿ ಆ ಟ್ರ್ಯಾಕ್ಟರನ್ನು ಹಡಗಿನಲ್ಲಿ ಹಾಕಿಕೊಂಡು ಅಮೆರಿಕಕ್ಕೆ ಹೋಗಿ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡರ ಎಸ್ಟೇಟಿನಲ್ಲೇ ಉತ್ತು ತೋರಿಸಿದರು. ಹೋಲಿಕೆಗೆ ಪಕ್ಕದಲ್ಲಿ ಬೇರೆ ಟ್ರ್ಯಾಕ್ಟರುಗಳೂ ಇದ್ದವು. ಫೋರ್ಡ್‌ಗೆ ಆಗ 75 ವರ್ಷ, ಫರ್ಗ್ಯುಸನ್‌ಗೆ 53. ಹೊಲದ ಅಂಚಿನಲ್ಲಿ ಮೇಜು ಹಾಕಿಸಿ ಇಬ್ಬರೂ ಕೂತು ಮಾತಾಡಿದರು. ವಿನ್ಯಾಸ ಮತ್ತು ಮಾರಾಟ ಫರ್ಗ್ಯುಸನ್ನರದು, ತಯಾರಿಕೆ ಫೋರ್ಡರದು. ಕಾಗದ ಇಲ್ಲ, ಸಹಿ ಇಲ್ಲ, ವಕೀಲರಿಲ್ಲ. ಕೈ ಕುಲುಕಿದರು, ಮುಗಿಯಿತು. 1939ರಲ್ಲಿ ಬಂದ ಫೋರ್ಡ್ 9ಎನ್ ಮತ್ತು ಅದರ ತಮ್ಮ 2ಎನ್ ಸೇರಿ 1947ರೊಳಗೆ ಮೂರು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಂದವು.

ಬಾಯಿಮಾತಿನ ವ್ಯವಹಾರ ಎಷ್ಟು ದಿನ? ಹೆನ್ರಿ ಫೋರ್ಡರ ಮೊಮ್ಮಗ ಅಧಿಕಾರಕ್ಕೆ ಬಂದಾಗ ಲೆಕ್ಕ ಹಾಕಿ, ಈ ಒಪ್ಪಂದದಲ್ಲಿ ತಮ್ಮ ಕಂಪನಿಗೆ ನಷ್ಟವೇ ಹೆಚ್ಚು ಎಂದು ಕಂಡು 1947ರಲ್ಲಿ ಮುರಿದುಕೊಂಡರು. ಅದೇ ಹಿಚ್ ಇಟ್ಟುಕೊಂಡು 8ಎನ್ ಎಂಬ ಹೊಸ ಟ್ರ್ಯಾಕ್ಟರನ್ನೂ ಬಿಟ್ಟರು. ಫರ್ಗ್ಯುಸನ್ 25 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರಕ್ಕೆ ದಾವೆ ಹೂಡಿದರು. ನಾಲ್ಕು ವರ್ಷ ಎಳೆದಾಡಿ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಗೆದ್ದರು ಅನ್ನಬೇಕೋ ಸೋತರು ಅನ್ನಬೇಕೋ ಗೊತ್ತಾಗುವುದಿಲ್ಲ.

ಈ ನಡುವೆ 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಅವರಿಗಾಗಿ ಟಿಇ20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ ಮಾಡತೊಡಗಿತ್ತು. ಹತ್ತು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಗಾಲಿಗೆ ಪಟ್ಟಿ ಕಟ್ಟಿದ ಇದೇ ಟ್ರ್ಯಾಕ್ಟರುಗಳಲ್ಲಿ. 1953ರಲ್ಲಿ ಫರ್ಗ್ಯುಸನ್ ತಮ್ಮ ಕಂಪನಿಯನ್ನು ಕೆನಡಾದ ಮ್ಯಾಸಿ ಹ್ಯಾರಿಸ್ ಜತೆ ವಿಲೀನ ಮಾಡಿದರು. ಆಗ 10 ಲಕ್ಷ ಡಾಲರಿನ ಬಗ್ಗೆ ಭಿನ್ನಾಭಿಪ್ರಾಯ ಬಂದು, ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. ಫರ್ಗ್ಯುಸನ್ ಸೋತರು. ಮರುವರ್ಷ ಆ ಕಂಪನಿಯಿಂದಲೂ ಹೊರಬಂದು ನಾಲ್ಕೂ ಗಾಲಿಗೆ ಬಲ ಕೊಡುವ ಕಾರಿನ ಸಂಶೋಧನೆಗೆ ಕೂತರು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಮುಂದಿನ ವರ್ಷ ಅವರ ಸಂಸ್ಥೆಯ ನಾಲ್ಕು ಗಾಲಿ ಚಾಲನೆಯ ರೇಸ್ ಕಾರು ಸ್ಟರ್ಲಿಂಗ್ ಮಾಸ್ ಕೈಯಲ್ಲಿ ಔಲ್ಟನ್ ಪಾರ್ಕಿನಲ್ಲಿ ಗೆದ್ದಿತು. ಅವರು ತೀರಿಕೊಂಡ 1960ರಲ್ಲೇ ಚೆನ್ನೈಯಲ್ಲಿ ಟಾಫೆ ಕಂಪನಿ ಸ್ಥಾಪನೆಯಾಗಿ, ಮ್ಯಾಸಿ ಫರ್ಗ್ಯುಸನ್ ಹೆಸರು ನಮ್ಮ ಹೊಲಗಳಿಗೆ ಬಂತು. ಇಂದು ಯಾವ ಕಂಪನಿಯ ಟ್ರ್ಯಾಕ್ಟರಿನ ಹಿಂದೆ ನಿಂತರೂ ಅವೇ ಮೂರು ಬಿಂದು. ಅಳತೆಗೂ ಅಂತರರಾಷ್ಟ್ರೀಯ ಮಾನದಂಡ ಇದೆ. ನಮ್ಮಂಥ ಸಣ್ಣ ಟ್ರ್ಯಾಕ್ಟರಿನ ಒಂದನೇ ವರ್ಗಕ್ಕೆ ಕೆಳಗಿನ ಪಿನ್ 22 ಮಿಲಿಮೀಟರ್, ದೊಡ್ಡದಾದ ಎರಡನೇ ವರ್ಗಕ್ಕೆ 28.

ಫರ್ಗ್ಯುಸನ್ ಕ್ರಮದಲ್ಲಿ ಒಬ್ಬನೇ ಮನುಷ್ಯ ಜೋಡಿಸಬಹುದಿತ್ತು. ಮೊದಲು ಎಡ ತೋಳು, ಆಮೇಲೆ ಎತ್ತರ ಹೊಂದಿಸುವ ಹಿಡಿ ಇರುವ ಬಲ ತೋಳು, ಕೊನೆಗೆ ಟಾಪ್ ಲಿಂಕ್. ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ನಿಧಾನವಾಗಿ. ನಾವು ಮಾಡಿದ್ದು ಅದಲ್ಲ. ಒಬ್ಬ ಮೇಲೆ, ಒಬ್ಬ ನಡುವೆ, ಎಂಜಿನ್ ಚಾಲೂ. ಊರಲ್ಲಿ ಎಲ್ಲರೂ ಮಾಡುವುದು ಹೀಗೆಯೇ, ಯಾಕೆಂದರೆ ನಮ್ಮ ರೋಟವೇಟರ್ ಅವರ ಕಾಲದ ಎರಡು ಕುಳದ ನೇಗಿಲಲ್ಲ, ಒಬ್ಬನ ಕೈಗೆ ಜರುಗುವುದಿಲ್ಲ. ಕ್ವಿಕ್ ಹಿಚ್ ತುಂಬುವುದು ಈ ಸಂದನ್ನೇ. ತಲೆಕೆಳಗಾದ ಯು ಆಕಾರದ ಚೌಕಟ್ಟು ಮೂರು ಪಿನ್ನಿನ ಮೇಲೆ ಟ್ರ್ಯಾಕ್ಟರಿಗೆ ಕಾಯಂ ಕೂತಿರುತ್ತದೆ. ಅದಕ್ಕೆ ಮೇಲ್ಮುಖವಾದ ಮೂರು ಕೊಕ್ಕೆ. ಹಿಂದಕ್ಕೆ ಬಂದು, ಕೊಕ್ಕೆಗಳನ್ನು ಸಲಕರಣೆಯ ಪಿನ್ನುಗಳ ಕೆಳಗೆ ತಂದು, ಲಿಫ್ಟ್ ಎತ್ತಿದರೆ ಕಚ್ಚಿಕೊಂಡು ಚಿಲಕ ಬೀಳುತ್ತದೆ. ನಡುವೆ ಯಾರೂ ನಿಲ್ಲಬೇಕಿಲ್ಲ.

ನಾವು ನಾಲ್ವರು ಸೇರಿ ಗುಜರಿಯಿಂದ ಸಿ-ಚಾನಲ್ ತಂದು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಕಟ್ಟಿಸಿ, ಕಳೆದ ಭಾನುವಾರ ನಮ್ಮ ಅಂಗಳದಲ್ಲೇ ಪರೀಕ್ಷೆಗೆ ಇಳಿದೆವು. ಸೀಟಿನ ಮೇಲೆ ಮತ್ತೆ ನಾನೇ. ರಿವರ್ಸ್ ಹಾಕಿದ್ದೇ ತಡ, ಕಾಕಾ ಅಭ್ಯಾಸಬಲದಿಂದ ತೋಳು ಹಿಡಿಯಲು ಹಿಂದೆ ಬಂದರು. ಎಂಜಿನ್ ಆಫ್ ಮಾಡಿದೆ. ಬೇವಿನ ಮರದ ಹತ್ತಿರ ಹೋಗಿ ನಿಲ್ಲುವ ತನಕ ಚಾಲೂ ಮಾಡುವುದಿಲ್ಲ ಎಂದೆ. ಗೊಣಗುತ್ತಾ ಹೋಗಿ ನಿಂತರು. ಮೊದಲ ಸಲ ಎಡ ಕೊಕ್ಕೆ ತಪ್ಪಿತು. ಎರಡನೇ ಸಲ ಮೇಲಿನದು ಕೂರಲಿಲ್ಲ, ರೋಟವೇಟರಿನ ಮಾಸ್ಟ್ ನಾವು ಅಳೆದದ್ದಕ್ಕಿಂತ ಗಿಡ್ಡ ಇತ್ತು. ಕೊಕ್ಕೆಯನ್ನು ಒಂದು ತೂತು ಕೆಳಗಿಳಿಸಿ ಮೂರನೇ ಸಲ ಹೋದಾಗ ಮೂರೂ ಒಟ್ಟಿಗೆ ಕಚ್ಚಿ ಚಿಲಕ ಬಿದ್ದ ಸದ್ದು ಕೇಳಿತು. ಲಿಫ್ಟ್ ಎತ್ತಿದೆ, ರೋಟವೇಟರ್ ನೆಲ ಬಿಟ್ಟಿತು. ಕಾಕಾ ಮರದ ಬುಡದಲ್ಲೇ ಇದ್ದರು, ಎರಡೂ ಕೈ ಹಿಂದೆ ಕಟ್ಟಿಕೊಂಡು.

ಆದರೆ ಚೌಕಟ್ಟಿನ ದಪ್ಪಕ್ಕೆ ಸಲಕರಣೆ ನಾಲ್ಕು ಇಂಚು ಹಿಂದೆ ಸರಿದಿದೆ. ಪಿಟಿಒ ಶಾಫ್ಟಿನ ಎರಡು ಕೊಳವೆ ಒಂದರೊಳಗೊಂದು ಕೂತಿರುವ ಉದ್ದ ಈಗ ಸಾಲದು, ತಿರುಗಿಸಿದರೆ ಕಳಚಿ ಹಾರಬಹುದು. ಅಷ್ಟು ದೂರ ಭಾರ ಹೋದದ್ದಕ್ಕೆ ಲಿಫ್ಟಿನ ಎತ್ತುವ ಶಕ್ತಿಯಲ್ಲೂ ಸ್ವಲ್ಪ ಕಡಿತ. ಅದಕ್ಕೇ ಹೊಲಕ್ಕೆ ಇಳಿಸಲಿಲ್ಲ. ಉದ್ದದ ಶಾಫ್ಟ್ ಹುಡುಕಿಕೊಂಡು ಬರುವ ಶನಿವಾರ ರಾಣೆಬೆನ್ನೂರಿಗೆ ಹೋಗುತ್ತಿದ್ದೇವೆ. ಕಾಕಾನೂ ಬರುತ್ತಾರಂತೆ.